ನೋಡಿದ ದಿನಾಂಕ

ಆ ವಿಶ್ವವಿದ್ಯಾಲಯದ ಪರಿಸರ ವಿಭಾಗದಲ್ಲಿ ಒಬ್ಬ ಮೇಷ್ಟ್ರಿದ್ದರು. ವಿದ್ಯಾರ್ಥಿಗಳು ಅವರನ್ನು ಎದುರಿಗೆ ಸರ್ ಎಂದೂ ಬೆನ್ನ ಹಿಂದೆ ಟಿಪ್ಪಣಿ ಮೇಷ್ಟ್ರು ಎಂದೂ ಕರೆಯುತ್ತಿದ್ದರು. ಆ ಹೆಸರು ಸುಮ್ಮನೆ ಬಂದದ್ದಲ್ಲ. ಯಾರಾದರೂ ಮಹಾಪ್ರಬಂಧದ ಕರಡು ತಂದುಕೊಟ್ಟರೆ ಅವರು ಮೊದಲ ಪುಟ ತೆರೆಯುತ್ತಿರಲಿಲ್ಲ. ಕೊನೆಯಿಂದ, ಪರಾಮರ್ಶನ ಪಟ್ಟಿಯಿಂದ ಓದಲು ಶುರುಮಾಡುತ್ತಿದ್ದರು. ಲೇಖಕರ ಹೆಸರಿನ ಮುಂದೆ ಚುಕ್ಕೆ ಬಿದ್ದಿದೆಯೇ, ವರ್ಷ ಆವರಣದೊಳಗೆ ಕೂತಿದೆಯೇ, ಲಿಂಕು ಸಾಲು ಮುರಿದುಕೊಂಡು ಕೆಳಗೆ ಜೋತಾಡುತ್ತಿದೆಯೇ ಎಂದು ನೋಡುವುದರಲ್ಲಿ ಅವರದು ಎತ್ತಿದ ಕೈ. ಒಳಗಿನ ವಿಷಯ ಹೇಗಿದೆ ಸರ್ ಎಂದು ಕೇಳಿದರೆ, "ಅದು ನಿನ್ನ ಜವಾಬ್ದಾರಿ ಕಣಪ್ಪ, ಸಾಲು ನೆಟ್ಟಗಿದೆಯಾ ಅನ್ನೋದು ನನ್ನದು" ಎನ್ನುತ್ತಿದ್ದರು. ತಮಾಷೆಗೆ ಹೇಳುತ್ತಾರೆಂದು ಎಲ್ಲರೂ ನಗುತ್ತಿದ್ದರು. ಅವರು ತಮಾಷೆ ಮಾಡುತ್ತಿರಲಿಲ್ಲ.

ಹಾಗಂತ ಕೆಟ್ಟ ಮನುಷ್ಯರಲ್ಲ. ವಿದ್ಯಾರ್ಥಿಗಳ ಕೈಲಿ ಮನೆಗೆಲಸ ಮಾಡಿಸಿದವರಲ್ಲ, ಯಾರ ಬರವಣಿಗೆಯನ್ನೂ ತಮ್ಮದೆಂದು ಅಚ್ಚು ಹಾಕಿಸಿಕೊಂಡವರಲ್ಲ. ಜ್ವರ ಬಂದ ವಿದ್ಯಾರ್ಥಿಯನ್ನು ತಮ್ಮ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಡಾಕ್ಟರ ಹತ್ತಿರ ಕರೆದೊಯ್ದವರು. ಅವರ ಊನ ಒಂದೇ. ಅಚ್ಚುಕಟ್ಟಾಗಿರುವುದೆಲ್ಲ ಸತ್ಯ ಎಂದು ಅವರು ನಂಬಿದ್ದರು. ಇಂಥ ನಂಬಿಕೆಯವರು ಎಲ್ಲ ಕಚೇರಿಗಳಲ್ಲೂ ಇರುತ್ತಾರೆ, ಬಹಳ ಮಟ್ಟಿಗೆ ಯಾರಿಗೂ ತೊಂದರೆಯಾಗುವುದಿಲ್ಲ, ಹಾಗಾಗಿ ಅವರಿಗೆ ಬಡ್ತಿಯೂ ಸಿಗುತ್ತದೆ.

ಪುಸ್ತಕಗಳ ಮೇಲೆ ಮೇಷ್ಟ್ರಿಗೆ ಗೌರವವಿತ್ತು. ಜಾಲತಾಣಗಳನ್ನು ಕಂಡರೆ ಮೈ ಉರಿಯುತ್ತಿತ್ತು. ಪುಸ್ತಕಕ್ಕೆ ಲೇಖಕನಿರುತ್ತಾನೆ, ವರ್ಷವಿರುತ್ತದೆ, ಪುಟಸಂಖ್ಯೆ ಇರುತ್ತದೆ. ಆದರೆ ಈಗಿನ ಯಂತ್ರಗಳ, ಸಾಫ್ಟ್‌ವೇರುಗಳ ಕೈಪಿಡಿಗಳೆಲ್ಲ ಜಾಲತಾಣದಲ್ಲೇ ಇರುತ್ತವೆ. ಬರೆದವರು ಯಾರೆಂದು ಗೊತ್ತಿಲ್ಲ, ಯಾವಾಗ ಬರೆದರೆಂದು ಗೊತ್ತಿಲ್ಲ. "ಹೇಳೋರು ಕೇಳೋರು ಇಲ್ಲದ ಸಾಮಾನು" ಎಂದು ಅವರು ಬೈಯುತ್ತಿದ್ದರು. ಬೈದುಕೊಂಡೇ ಅವುಗಳಿಗೂ ಒಂದು ನಿಯಮ ಬರೆದು ವಿಭಾಗದ ಗೋಡೆಗೆ ಅಂಟಿಸಿದ್ದರು: ಕಂಪನಿಯ ಹೆಸರು, ಪುಟದ ಹೆಸರು, ಲಿಂಕು, ನೋಡಿದ ದಿನಾಂಕ. ಅಷ್ಟೇ, ಹೆಚ್ಚಿಲ್ಲ ಕಮ್ಮಿಯಿಲ್ಲ.

ನೋಡಿದ ದಿನಾಂಕ ಹಾಕಬೇಕೆನ್ನುವುದು ಅವರೊಬ್ಬರ ನಿಯಮವಲ್ಲ, ಎಲ್ಲ ಕಡೆಯೂ ಇರುವುದೇ. ಜಾಲತಾಣದ ಪುಟ ಇವತ್ತೊಂದು ಹೇಳುತ್ತದೆ, ನಾಳೆ ಇನ್ನೊಂದು ಹೇಳುತ್ತದೆ. ನಾನು ನೋಡಿದ ದಿನ ಅದು ಹೀಗಿತ್ತು ಎನ್ನುವುದಕ್ಕೆ ಆ ದಿನಾಂಕವೇ ಸಾಕ್ಷಿ. ಆದರೆ ವರ್ಷಗಟ್ಟಲೆ ಓದಿ ಬರೆಯುವವರ ಪಟ್ಟಿಯಲ್ಲಿ ಸಾಲಿಗೊಂದು ದಿನಾಂಕ ಇರುತ್ತದಲ್ಲ, ಅದು ಮೇಷ್ಟ್ರ ಕಣ್ಣಿಗೆ ಚುಚ್ಚುತ್ತಿತ್ತು. ಅದಕ್ಕೆ ಅವರೇ ಒಂದು ಪದ್ಧತಿ ಕಂಡುಹಿಡಿದಿದ್ದರು. ಪ್ರಬಂಧ ಒಪ್ಪಿಸುವ ಮುಂಚಿನ ದಿನ ವಿದ್ಯಾರ್ಥಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲ ಲಿಂಕುಗಳನ್ನೂ ಒಂದೊಂದಾಗಿ ತೆರೆಸುವುದು. ತೆರೆದರೆ ಸೈ, ಎಲ್ಲದಕ್ಕೂ ಅವತ್ತಿನದೇ ದಿನಾಂಕ ಹಾಕುವುದು. ಸುಳ್ಳೂ ಆಗಲಿಲ್ಲ, ಸಾಲೂ ನೆಟ್ಟಗಾಯಿತು. ಈ ಪದ್ಧತಿಯ ಬಗ್ಗೆ ಅವರಿಗೆ ಒಳಗೊಳಗೇ ಹೆಮ್ಮೆ ಇತ್ತು. ಅವರ ನಿಯಮಗಳನ್ನು ಇಡೀ ವಿಶ್ವವಿದ್ಯಾಲಯಕ್ಕೇ ಅನ್ವಯಿಸುವ ಮಾತು ಆ ವರ್ಷ ನಡೆದಿತ್ತು. ಸಮಿತಿಗೆ ಅವರನ್ನೇ ಅಧ್ಯಕ್ಷರನ್ನಾಗಿ ಮಾಡುವುದೆಂದು ಡೀನ್ ಬಾಯಿಮಾತಿನಲ್ಲಿ ಹೇಳಿಯೂ ಆಗಿತ್ತು.

ಅವರ ಹತ್ತಿರ ಸಂಶೋಧನೆ ಮಾಡುತ್ತಿದ್ದವರಲ್ಲಿ ಧೂಳಮ್ಮ ಅಂತ ಒಬ್ಬಳಿದ್ದಳು. ಅಡ್ಡಹೆಸರದು, ಅವಳ ಸಂಶೋಧನೆಯೇ ಧೂಳಿನ ಮೇಲೆ ಇದ್ದದ್ದರಿಂದ ಜೊತೆಯವರು ಕರೆದು ಕರೆದು ಅದೇ ನಿಂತುಬಿಟ್ಟಿತ್ತು. ಅವಳಿಗೆ ಬೇಸರವಿರಲಿಲ್ಲ. ಅವಳ ತಾಯಿ ಒಂದು ದೊಡ್ಡ ಆಸ್ಪತ್ರೆಯ ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸದವಳು. ಹಾಸಿಗೆಗಳ ಚಾದರ, ದಿಂಬಿನ ಚೀಲ, ರೋಗಿಗಳ ನಿಲುವಂಗಿ ಎಲ್ಲ ಒಗೆದು ಒಣಗಿ ಒಂದು ಉದ್ದನೆಯ ಹಾಲಿಗೆ ಬರುತ್ತವೆ. ಅಲ್ಲಿ ಕಾದ ಉರುಳೆಗಳ ಯಂತ್ರಕ್ಕೆ ಇಬ್ಬಿಬ್ಬರು ಹೆಂಗಸರು ಎರಡು ತುದಿ ಹಿಡಿದು ಚಾದರ ಉಣಿಸುತ್ತಾರೆ. ಆಚೆ ಕಡೆ ಇನ್ನಿಬ್ಬರು ಮಡಿಸುತ್ತಾರೆ. ಹಬೆಯೂ ಸೆಕೆಯೂ ಸೇರಿ ಆ ಜಾಗವೇ ಒಲೆಯಾಗಿರುತ್ತದೆ. ಬಟ್ಟೆಯಿಂದೆದ್ದ ಸಣ್ಣ ನೂಲುಧೂಳು ಬೆಳಕಿನ ಕೋಲಿನಲ್ಲಿ ತೇಲುವುದು ಬಾಗಿಲಲ್ಲಿ ನಿಂತವರಿಗೂ ಕಾಣುತ್ತದೆ. ಅಲ್ಲಿ ಹೆಚ್ಚು ವರ್ಷ ನಿಂತವರಿಗೆಲ್ಲ ಕೆಮ್ಮು. ಹೊಸಬರು ಬಂದಾಗ ಹಳಬರು ಕೆಮ್ಮಿಕೊಂಡೇ ಕೆಲಸ ಹೇಳಿಕೊಡುತ್ತಾರೆ.

ಧೂಳು ಎಷ್ಟಿದೆ ಎಂದು ಯಾರೂ ಅಳೆದಿರಲಿಲ್ಲ. ಗಾಳಿ ಹೊರಗೆಳೆಯುವ ದೊಡ್ಡ ಫ್ಯಾನುಗಳನ್ನು ಹಾಕಿಸಿ ಎಂದು ಹೆಂಗಸರು ಕೇಳಿದಾಗ ಆಸ್ಪತ್ರೆಯ ಆಡಳಿತದವರು, "ವಿಶ್ವವಿದ್ಯಾಲಯದವರು ಮಿತಿ ಮೀರಿದೆ ಅಂತ ಬರೆದುಕೊಡಲಿ, ನಾಳೆಯೇ ಹಾಕಿಸ್ತೀವಿ" ಎಂದಿದ್ದರು. ಮಾತು ತೇಲಿಸುವುದಕ್ಕೆ ಹೇಳಿದ್ದು. ಅವರಿಗೇನು ಗೊತ್ತಿತ್ತು, ಇಸ್ತ್ರಿ ಹಾಕುವವಳ ಮಗಳು ಎಂ.ಎಸ್ಸಿ. ಮುಗಿಸಿ ವಿಶ್ವವಿದ್ಯಾಲಯದಲ್ಲೇ ಕೂತಿದ್ದಾಳೆಂದು. ಅವಳು ಅದೇ ಹಾಲನ್ನು ತನ್ನ ಪ್ರಬಂಧದ ವಿಷಯ ಮಾಡಿಕೊಂಡಳು.

ವಿಭಾಗದಲ್ಲಿ ಧೂಳಳೆಯುವ ಒಂದು ಪುಟ್ಟ ಯಂತ್ರವಿತ್ತು, ಅಂಗೈಯಲ್ಲಿ ಹಿಡಿಸುವಂಥದ್ದು. ಗಾಳಿ ಎಳೆದುಕೊಂಡು ಸಂಖ್ಯೆ ತೋರಿಸುತ್ತದೆ. ಬೇರೆಯವರಾಗಿದ್ದರೆ ತೋರಿಸಿದ ಸಂಖ್ಯೆ ಬರೆದುಕೊಂಡು ಬಂದುಬಿಡುತ್ತಿದ್ದರು. ಧೂಳಮ್ಮ ಮೊದಲು ಕಂಪನಿಯ ಜಾಲತಾಣಕ್ಕೆ ಹೋಗಿ ಅದರ ಕೈಪಿಡಿಯನ್ನು ಮೊದಲಿಂದ ಕೊನೆಯವರೆಗೆ ಓದಿದಳು. ಯಾರೂ ಇಳಿದು ನೋಡದ ಒಂದು ಪುಟದಲ್ಲಿ ಸಣ್ಣದೊಂದು ಸೂಚನೆ ಸಿಕ್ಕಿತು: ನಲವತ್ತು ಡಿಗ್ರಿ ಮೀರಿದ ಸೆಕೆಯಲ್ಲಿ ಯಂತ್ರ ಇದ್ದದ್ದಕ್ಕಿಂತ ಕಮ್ಮಿ ತೋರಿಸುತ್ತದೆ, ಬಂದ ಸಂಖ್ಯೆಗೆ ಅದರ ಮೂರನೆಯ ಒಂದು ಪಾಲನ್ನು ಬಳಕೆದಾರರೇ ಸೇರಿಸಿಕೊಳ್ಳಬೇಕು. ಇಸ್ತ್ರಿ ಹಾಲಿನಲ್ಲಿ ನಲವತ್ತಕ್ಕಿಂತ ಕಮ್ಮಿ ಇರುವ ಹೊತ್ತೇ ಅಪರೂಪ. ಅವಳು ಒಂದು ಬೇಸಿಗೆ ಪೂರ್ತಿ ಅಳೆದಳು, ಸೂಚನೆಯಂತೆ ಪಾಲು ಸೇರಿಸಿದಳು. ಧೂಳು ಮಿತಿಯನ್ನು ಚೆನ್ನಾಗಿಯೇ ಮೀರಿತ್ತು. ಸೇರಿಸದಿದ್ದರೆ ಮಿತಿಯ ಒಳಗೇ ಉಳಿಯುತ್ತಿತ್ತು. ಹೀಗೆ ಅವಳ ಇಡೀ ಪ್ರಬಂಧ, ಆ ಹಾಲಿನ ಫ್ಯಾನುಗಳು, ಎಲ್ಲವೂ ಜಾಲತಾಣದ ಆ ಒಂದು ಸಾಲಿನ ಮೇಲೆ ನಿಂತಿದ್ದವು.

ಅವಳಿಗೆ ಅದು ಗೊತ್ತಿತ್ತು. ಅದಕ್ಕೇ ಆ ಕೈಪಿಡಿಯನ್ನು ಪಟ್ಟಿಯಲ್ಲಿ ಉಲ್ಲೇಖಿಸುವಾಗ ಕೈಪಿಡಿಯ ಆವೃತ್ತಿ ಇಷ್ಟನೆಯದು, ಯಂತ್ರದೊಳಗಿನ ಸಾಫ್ಟ್‌ವೇರಿನ ಆವೃತ್ತಿ ಇಷ್ಟನೆಯದು, ತಾನು ಓದಿದ್ದು ಇಂಥ ದಿನ ಎಂದು ಎಲ್ಲವನ್ನೂ ಬರೆದಿದ್ದಳು. ಸಾಲು ಉದ್ದವಾಗಿ, ಮುರಿದು, ಮೂರು ಸಾಲಾಗಿತ್ತು.

ಪ್ರಬಂಧ ಒಪ್ಪಿಸುವ ಮುಂಚಿನ ದಿನ ಮೇಷ್ಟ್ರು ತಮ್ಮ ಪದ್ಧತಿಯಂತೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಆ ಮೂರು ಸಾಲು ಕಂಡದ್ದೇ ಕೆಂಪು ಪೆನ್ನು ಕೈಗೆ ಬಂತು.

"ಇದೇನಮ್ಮ, ರೈಲುಗಾಡಿ ಥರ? ಈ ಆವೃತ್ತಿ ಗೀವೃತ್ತಿ ಎಲ್ಲ ಯಾಕೆ? ನಮ್ಮ ನಿಯಮದಲ್ಲಿ ಅದಕ್ಕೆ ಜಾಗ ಇಲ್ಲ."

"ಸರ್, ಯಂತ್ರದ ವಿಷಯ ಆದ್ದರಿಂದ ಇರಲಿ ಅಂತ..."

"ಒಬ್ಬರಿಗೆ ಬಿಟ್ಟರೆ ಎಲ್ಲರಿಗೂ ಬಿಡಬೇಕಾಗುತ್ತೆ. ತೆಗಿ."

ತೆಗೆದಳು. ಆಮೇಲೆ ದಿನಾಂಕದ ಸರದಿ ಬಂತು.

"ಸರ್, ಇದನ್ನ ಓದಿದ್ದು ಅಳೆಯೋಕೆ ಮುಂಚೆ. ಆ ದಿನಾಂಕನೇ ಇರಲಿ ಅಲ್ವಾ?"

"ಇವತ್ತೂ ನೋಡು, ಇವತ್ತಿಂದು ಹಾಕು. ನೋಡಿದ ದಿನಾಂಕ ತಾನೆ? ಅದರಲ್ಲಿ ಸುಳ್ಳೇನು ಬಂತು? ಹ್ಞೂಂ, ತೆರಿ."

ಅವಳು ಒತ್ತಿದಳು. ಪುಟ ತೆರೆಯಿತು.

"ತೆರೀತಾ?"

"ತೆರೀತು ಸರ್."

"ಸರಿ, ಮುಂದಿಂದು."

ಪಟ್ಟಿ ಮುಗಿದಾಗ ದಿನಾಂಕಗಳೆಲ್ಲ ಒಂದರ ಕೆಳಗೊಂದು ಒಂದೇ ಥರ ನಿಂತಿದ್ದವು. ಮೇಷ್ಟ್ರು ಕಣ್ತುಂಬ ನೋಡಿ, "ಈಗ ನೋಡಮ್ಮ, ಹೇಗಿದೆ" ಎಂದರು. ಚೆನ್ನಾಗಿದೆ ಸರ್ ಎಂದಳು. ಎರಡು ದಿನದಿಂದ ನಿದ್ದೆಯಿಲ್ಲದ ಹುಡುಗಿ ಇನ್ನೇನು ಹೇಳಿಯಾಳು?

ಪ್ರಬಂಧ ಹೊರಗಿನ ಪರೀಕ್ಷಕರ ಬಳಿ ಹೋಯಿತು. ಪರೀಕ್ಷಕಿ ಬೇರೆ ವಿಶ್ವವಿದ್ಯಾಲಯದ ಹಿರಿಯ ಪ್ರಾಧ್ಯಾಪಕಿ. ಮೊಸರಲ್ಲಿ ಕಲ್ಲು ಹುಡುಕುವವರಲ್ಲ, ಆದರೆ ಕೊಟ್ಟದ್ದನ್ನು ಪೂರ್ತಿ ಓದುವವರು. ಅವರು ಆ ಲಿಂಕನ್ನು ತೆರೆದರು. ತೆರೆದದ್ದಷ್ಟೇ ಅಲ್ಲ, ಓದಿದರು. ಅಲ್ಲಿ ಹೀಗೆ ಬರೆದಿತ್ತು: ಸೆಕೆಯ ತಿದ್ದುಪಡಿಯನ್ನು ಯಂತ್ರ ತಾನೇ ಮಾಡಿಕೊಳ್ಳುತ್ತದೆ, ಬಳಕೆದಾರರು ಏನನ್ನೂ ಸೇರಿಸಬಾರದು.

ಪರೀಕ್ಷಕಿಯ ವರದಿ ಬಂದ ದಿನ ಮೇಷ್ಟ್ರೂ ಧೂಳಮ್ಮನೂ ಅದೇ ಕಂಪ್ಯೂಟರಿನ ಮುಂದೆ ಕೂತು ಆ ಪುಟವನ್ನು ಓದಿದರು. ಕೆಳಗಡೆ, ಸಣ್ಣ ಅಕ್ಷರದಲ್ಲಿ, ಪುಟ ಕೊನೆಯದಾಗಿ ಬದಲಾದ ತಿಂಗಳು ಇತ್ತು. ಅಳತೆ ಮುಗಿದ ಮೇಲೆ, ಪ್ರಬಂಧ ಒಪ್ಪಿಸುವುದಕ್ಕೆ ಮುಂಚೆ. ಯಂತ್ರಕ್ಕೆ ಹೊಸ ಸಾಫ್ಟ್‌ವೇರು ಬಂದು ಪುಟವನ್ನೂ ಅದಕ್ಕೆ ತಕ್ಕಂತೆ ತಿದ್ದಿದ್ದರು, ಅವಳು ಅಳೆದದ್ದು ಹಳೆಯ ಸಾಫ್ಟ್‌ವೇರಿನಲ್ಲಿ. ಅಂದರೆ ಅವತ್ತು ತೆರೀತಾ ಎಂದು ಇವರು ಕೇಳಿ ತೆರೀತು ಎಂದು ಅವಳು ಹೇಳಿದಾಗ, ಈ ಸಾಲು ಇಬ್ಬರ ಕಣ್ಣೆದುರಿಗೇ ಇತ್ತು. ಅವಳು ಪುಟವನ್ನು ಮೇಲೆ ಕೆಳಗೆ ಸರಿಸುತ್ತಲೇ ಇದ್ದಳು.

ಆಮೇಲೆ ಅವಳು ಹಳೆಯ ಪುಟವನ್ನು ಹುಡುಕಿದ್ದು ಅಷ್ಟಿಷ್ಟಲ್ಲ. ಜಾಲತಾಣಗಳ ಹಳೆಯ ರೂಪಗಳನ್ನು ಕಾದಿಡುವ ತಾಣದಲ್ಲಿ ಆ ಕಂಪನಿಯ ಮುಖಪುಟ ಮಾತ್ರ ಇತ್ತು, ಕೈಪಿಡಿ ಇರಲಿಲ್ಲ. ಕಂಪನಿಗೆ ಬರೆದಳು. ಹಳೆಯ ಆವೃತ್ತಿಗಳನ್ನು ಇಟ್ಟುಕೊಳ್ಳುವುದಿಲ್ಲ, ದಯವಿಟ್ಟು ನಿಮ್ಮ ಯಂತ್ರವನ್ನು ಹೊಸ ಆವೃತ್ತಿಗೆ ಏರಿಸಿಕೊಳ್ಳಿ ಎಂದು ಉತ್ತರ ಬಂತು, ಕೆಳಗೆ ಯಾರ ಹೆಸರೂ ಇರಲಿಲ್ಲ. ಯಂತ್ರವನ್ನೇ ಪರೀಕ್ಷೆ ಮಾಡಿ ತೋರಿಸೋಣವೆಂದರೆ ಪ್ರಯೋಗಾಲಯದಲ್ಲಿ ಅದನ್ನು ಆಗಲೇ ಹೊಸ ಆವೃತ್ತಿಗೆ ಏರಿಸಿಯಾಗಿತ್ತು. ಮತ್ತೆ ಹಾಲಿಗೆ ಹೋಗಿ ಅಳೆಯೋಣವೆಂದರೆ ಆಸ್ಪತ್ರೆಯವರು, ಮೊದಲು ಮಾಡಿದ್ದರ ವರದಿ ಬರಲಿ, ಆಮೇಲೆ ನೋಡೋಣ ಎಂದು ಬಾಗಿಲು ಹಾಕಿದರು. ಅವಳ ಕಂಪ್ಯೂಟರಿನಲ್ಲಿ ಹಳೆಯ ಕರಡು ಇತ್ತು, ಅದರಲ್ಲಿ ಆವೃತ್ತಿಯೂ ಹಳೆಯ ದಿನಾಂಕವೂ ಇದ್ದವು. ಆದರೆ ವರದಿ ಬಂದ ಮೇಲೆ ತೋರಿಸುವ ಕರಡನ್ನು ಯಾರು ನಂಬುತ್ತಾರೆ? ನಿನ್ನೆ ರಾತ್ರಿ ಬರೆದದ್ದಲ್ಲ ಎನ್ನುವುದಕ್ಕೆ ಸಾಕ್ಷಿ ಯಾರು?

ಸಾಕ್ಷಿ ಒಬ್ಬರೇ ಇದ್ದರು. ಆ ಸಾಲನ್ನು ಕಣ್ಣಾರೆ ನೋಡಿ, ಬಾಯಾರೆ ಹೇಳಿ ಹೊಡೆದುಹಾಕಿಸಿದವರು.

ವಿಚಾರಣೆಗೆ ಮುಂಚೆ ಅವಳು ಅವರ ಕೋಣೆಗೆ ಬಂದು ನಿಂತಳು. "ಸರ್, ನೀವು ಹೇಳ್ತೀರಲ್ವಾ? ಕರಡಲ್ಲಿ ಇತ್ತು, ನೀವೇ ತೆಗೆಸಿದ್ದು ಅಂತ."

"ನೋಡೋಣಮ್ಮ. ಧೈರ್ಯವಾಗಿರು. ಊಟ ಮಾಡಿದ್ಯಾ?"

ನೋಡೋಣ ಎನ್ನುವ ಮಾತಿಗೆ ನಮ್ಮಲ್ಲಿ ಏನರ್ಥವೆಂದು ಮಕ್ಕಳಿಗೂ ಗೊತ್ತು. ಅವಳಿಗೂ ಗೊತ್ತಿತ್ತು. ಆದರೆ ಗತಿಯಿಲ್ಲದಾಗ ಮನುಷ್ಯ ಇಂಥ ಮಾತನ್ನೂ ಭರವಸೆ ಎಂದೇ ಹಿಡಿದುಕೊಳ್ಳುತ್ತಾನೆ.

ಮೇಷ್ಟ್ರಿಗೆ ಆ ವಾರವಿಡೀ ಅನ್ನ ರುಚಿಸಲಿಲ್ಲ. "ಏನ್ರೀ, ಮೈ ಹುಷಾರಿಲ್ವಾ?" ಎಂದು ಹೆಂಡತಿ ಕೇಳಿದರೆ, ಏನಿಲ್ಲ ಬಿಡು ಎಂದರು. ಒಳಗೆ ಲೆಕ್ಕ ನಡೆದಿತ್ತು. ಹೌದು, ದಿನಾಂಕ ನಾನೇ ಬದಲು ಮಾಡಿಸಿದೆ ಎಂದು ಹೇಳಿದರೆ ಮುಂದಿನ ಪ್ರಶ್ನೆ ಏನು ಬರುತ್ತದೆ? ಇವಳೊಬ್ಬಳದ್ದೋ, ಎಲ್ಲರದ್ದೋ? ಎಲ್ಲರದ್ದೂ. ಇಷ್ಟು ವರ್ಷ ತಮ್ಮ ಕೈಯಿಂದ ದಾಟಿದ ಪ್ರತಿ ಪ್ರಬಂಧದ್ದೂ. ನಿಯಮಗಳ ಸಮಿತಿ, ಅಧ್ಯಕ್ಷತೆ, ಗೋಡೆಯ ಮೇಲಿನ ಹಾಳೆ, ಎಲ್ಲ ನಗೆಪಾಟಲು. ಟಿಪ್ಪಣಿ ಮೇಷ್ಟ್ರ ಟಿಪ್ಪಣಿಗಳೇ ಖೋಟಾ ಎಂದು ಕ್ಯಾಂಟೀನಿನಲ್ಲಿ ಮಾತಾಡಿಕೊಳ್ಳುವುದು ಈಗಲೇ ಅವರ ಕಿವಿಗೆ ಬೀಳುತ್ತಿತ್ತು. ಹೆದರಿದರು. ಅದನ್ನು ಹೆದರಿಕೆ ಎಂದು ಕರೆಯುವ ಧೈರ್ಯವೂ ಇಲ್ಲದೆ, ಹುಡುಗಿಗೆ ಪದವಿ ಸಿಕ್ಕರೆ ಸಾಕಲ್ಲ, ಅದಕ್ಕೆ ಬೇರೆ ದಾರಿ ಇದ್ದರೆ ನಾನೇಕೆ ಬಾಯಿಬಿಡಬೇಕು ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು.

ವಿಚಾರಣೆ ಡೀನರ ಕೋಣೆಯಲ್ಲಿ ನಡೆಯಿತು. ಡೀನ್, ಪರೀಕ್ಷಕಿ, ಮೇಷ್ಟ್ರು, ಎದುರಿಗೆ ಧೂಳಮ್ಮ. ಮೇಜಿನ ಮೇಲೆ ಪ್ರಬಂಧ, ನೀರಿನ ಲೋಟಗಳು, ಒಂದು ತಟ್ಟೆ ಬಿಸ್ಕತ್ತು. ಬಿಸ್ಕತ್ತನ್ನು ಯಾರೂ ಮುಟ್ಟಲಿಲ್ಲ.

ಪರೀಕ್ಷಕಿ ಗದರಲಿಲ್ಲ. "ನೋಡಮ್ಮ, ನೀನು ಕೊಟ್ಟ ಆಧಾರವೇ ನೀನು ಹೇಳಿದ್ದಕ್ಕೆ ಉಲ್ಟಾ ಹೇಳ್ತಿದೆ. ನೀನು ನೋಡಿದೆ ಅಂತ ಬರೆದಿರೋ ದಿನ ಆ ಪುಟದಲ್ಲಿ ಇದ್ದದ್ದೂ ಅದೇ ಸಾಲು. ಇದಕ್ಕೆ ಏನು ಹೇಳ್ತೀಯ?"

"ಮೇಡಂ, ನಾನು ಅದನ್ನ ಓದಿದ್ದು ಅಳೆಯೋಕೆ ಮುಂಚೆ. ಆಗ ಸೇರಿಸಬೇಕು ಅಂತಲೇ ಇತ್ತು. ಕರಡಿನಲ್ಲಿ ಆವೃತ್ತಿ, ಹಳೇ ದಿನಾಂಕ ಎರಡೂ ಹಾಕಿದ್ದೆ. ಕೊನೇ ದಿನ ಬದಲಾಯಿತು."

"ಯಾರು ಬದಲಾಯಿಸಿದ್ದು?"

ಅವಳು ಮೇಷ್ಟ್ರ ಕಡೆ ನೋಡಿದಳು. ಕಾದಳು. ಮೇಷ್ಟ್ರು ನೀರಿನ ಲೋಟ ನೋಡುತ್ತಿದ್ದರು.

"ಟೈಪ್ ಮಾಡಿದ್ದು ನಾನೇ ಮೇಡಂ" ಎಂದಳು.

ಪರೀಕ್ಷಕಿ ಹುಡುಗಿಯ ಮುಖವನ್ನೂ ಮೇಷ್ಟ್ರ ಮುಖವನ್ನೂ ಒಮ್ಮೆ ನೋಡಿದರು. ಅರ್ಥವಾಗದ ಹೆಂಗಸಲ್ಲ ಅವರು. ಪೆನ್ನಿನ ಮುಚ್ಚಳ ತೆಗೆದು, ಮೇಷ್ಟ್ರ ಕಡೆ ತಿರುಗಿ, ನಿಧಾನವಾಗಿ ಕೇಳಿದರು: "ಸರ್, ನೀವು ಇವಳ ಗೈಡು. ಕರಡು ನಿಮ್ಮ ಕೈಗೆ ಬಂದಿರುತ್ತೆ. ಅದರಲ್ಲಿ ಹಳೇ ಆವೃತ್ತಿ, ಹಳೇ ದಿನಾಂಕ ಇದ್ದದ್ದು ನೀವು ನೋಡಿದ್ದರೆ ಹೇಳಿ. ನಾನು ಬರೆದುಕೊಳ್ತೀನಿ, ಅಷ್ಟು ಸಾಕು. ಪ್ರಬಂಧ ಇದ್ದ ಹಾಗೇ ಪಾಸು ಮಾಡ್ತೀನಿ."

ಇದಕ್ಕಿಂತ ಸುಲಭ ಮಾಡಿ ಯಾರು ಕೇಳಿಯಾರು? ಹೌದು ಎನ್ನುವ ಒಂದು ಪದ. ತಾವು ತೆಗೆಸಿದ್ದೆಂದು ಹೇಳಬೇಕಾಗಿಯೂ ಇರಲಿಲ್ಲ, ನೋಡಿದ್ದೆ ಎಂದಿದ್ದರೆ ಸಾಕಿತ್ತು. ಆದರೆ ಮೇಷ್ಟ್ರ ತಲೆಯಲ್ಲಿ, ಹೌದು ಎಂದರೆ ಮತ್ತೆ ಯಾಕೆ ತೆಗೆದಿರಿ ಎಂದು ಕೇಳುತ್ತಾರೆ ಎನ್ನುವುದೊಂದೇ ಗಿರಕಿ ಹೊಡೆಯುತ್ತಿತ್ತು.

"ಬಹಳ ಕರಡುಗಳು ಬರ್ತವೆ ಮೇಡಂ. ಖಚಿತವಾಗಿ ನೆನಪಿಲ್ಲ. ನಮ್ಮ ವಿಭಾಗದ ನಿಯಮದ ಪ್ರಕಾರ ಪಟ್ಟಿ ಸರಿಯಾಗೇ ಇದೆ."

ಪರೀಕ್ಷಕಿ ಪೆನ್ನಿಗೆ ಮುಚ್ಚಳ ಹಾಕಿದರು.

ಕೊನೆಗೆ ಡೀನ್ ಒಂದು ದಾರಿ ಹೇಳಿದರು. ಇದನ್ನು ವಂಚನೆ ಎಂದು ಕರೆಯುವುದು ಬೇಡ, ಲೆಕ್ಕದ ತಪ್ಪು ಎನ್ನೋಣ. ಸೇರಿಸಿದ ಪಾಲನ್ನು ಕಳೆದು, ಹಾಲಿನ ಧೂಳು ಮಿತಿಯೊಳಗಿದೆ ಎಂದು ಕೊನೆಯ ಅಧ್ಯಾಯ ತಿದ್ದಿ ಕೊಟ್ಟರೆ ಪದವಿ. ಇಲ್ಲವಾದರೆ ಪ್ರಬಂಧ ತಿರಸ್ಕೃತ. ಮೇಷ್ಟ್ರಿಗೆ ಎದೆಯ ಭಾರ ಇಳಿದಂತಾಯಿತು. ನೋಡಿದೆಯಾ, ದಾರಿ ಸಿಕ್ಕಿತಲ್ಲ ಎಂದುಕೊಂಡರು.

ಹೊರಗೆ ವರಾಂಡದ ಬೆಂಚಿನ ಮೇಲೆ ಧೂಳಮ್ಮನ ತಾಯಿ ಕೂತಿದ್ದಳು, ಅರ್ಧ ದಿನ ರಜೆ ಹಾಕಿ ಬಂದಿದ್ದಳು. ಮೇಷ್ಟ್ರನ್ನು ಕಂಡು ಎದ್ದು ನಿಂತು ಕೈಮುಗಿದಳು. ಮಗಳ ಕೆಂಪಾದ ಕಣ್ಣು ನೋಡಿ, ಏನಾಯಿತು ಎಂದು ಕೇಳಿದಳು.

ಧೂಳಮ್ಮ ಗೋಡೆಗೊರಗಿ ನಿಂತಿದ್ದಳು. "ಹಾಗಾದರೆ ಆ ಗಾಳಿ ಚೆನ್ನಾಗಿದೆ ಅಂತ ಬರೀಬೇಕಾ ಸರ್, ನಾನು?" ಎಂದು ಮೇಷ್ಟ್ರನ್ನೇ ಕೇಳಿದಳು.

"ಪದವಿ ಮೊದಲು ಕೈಗೆ ಬರಲಮ್ಮ. ಆಮೇಲೆ ಮತ್ತೆ ಅಳೆದರಾಯ್ತು, ಹೊಸ ಪ್ರಬಂಧ ಬರೆದರಾಯ್ತು. ಅಮ್ಮನ ಮುಖ ನೋಡು."

ತಾಯಿಗೆ ವಿಷಯ ಪೂರ್ತಿ ತಿಳಿಯಲಿಲ್ಲ. ಮಗಳು ಏನೋ ಹೆಚ್ಚು ಲೆಕ್ಕ ಹಾಕಿದ್ದಾಳೆ, ದೊಡ್ಡವರು ತಿದ್ದಿದ್ದಾರೆ ಎಂದಷ್ಟೇ ತಲೆಗೆ ಹೋಯಿತು. "ಅವರು ಹೇಳಿದ ಹಾಗೆ ಬರೆದುಕೊಡು ಮಗಾ. ಇಷ್ಟು ಓದಿ ಈಗ ಹೋಗಿ ಬಿಟ್ಟರೆ, ನಾಳೆ ನೀನೂ ಬಂದು ನನ್ನ ಪಕ್ಕದಲ್ಲಿ ಚಾದರ ಹಿಡೀಬೇಕಾಗುತ್ತೆ" ಎಂದಳು. ಹೇಳುತ್ತಲೇ ಕೆಮ್ಮು ಬಂತು, ಸೆರಗು ಬಾಯಿಗೆ ಹಿಡಿದುಕೊಂಡಳು. ಧೂಳಮ್ಮ ತಾಯಿಯ ಬೆನ್ನು ನೀವಿದಳು. ಮರುವಾರ ತಿದ್ದಿದ ಪ್ರಬಂಧ ತಂದುಕೊಟ್ಟಳು. ಮೇಷ್ಟ್ರು ಮೊದಲ ಪುಟದಲ್ಲಿ, ಇದರಲ್ಲಿರುವುದೆಲ್ಲ ನನ್ನ ಅರಿವಿಗೆ ಬಂದಂತೆ ಸತ್ಯ ಎನ್ನುವ ಸಾಲಿನ ಕೆಳಗೆ, ಸಹಿ ಹಾಕಿದರು.

ಪದವಿ ಬಂತು. ಮೇಷ್ಟ್ರು ಸಮಿತಿಯ ಅಧ್ಯಕ್ಷರೂ ಆದರು. ನಿಯಮಗಳು ಅಚ್ಚಾಗಿ ಎಲ್ಲ ವಿಭಾಗಗಳಿಗೂ ಹೋದವು. ಧೂಳಮ್ಮನಿಗೆ ಒಂದು ಕಾಲೇಜಿನಲ್ಲಿ ಕೆಲಸ ಸಿಕ್ಕಿತೆಂದು ಯಾರೋ ಹೇಳಿದರು. ಎಲ್ಲ ಸುಖಾಂತವಾಯಿತೆಂದು ಮೇಷ್ಟ್ರು ನಂಬುವ ಹೊತ್ತಿಗೆ ಒಂದು ಮಧ್ಯಾಹ್ನ ಅವಳು ಬಾಗಿಲಲ್ಲಿ ಬಂದು ನಿಂತಳು. ಕೂರು ಎಂದರೂ ಕೂರಲಿಲ್ಲ. ಮೊಬೈಲು ತೆಗೆದು ಅವರ ಮುಂದಿಟ್ಟಳು.

ಆಸ್ಪತ್ರೆಯ ಜಾಲತಾಣ. ಸಿಬ್ಬಂದಿಯ ಆರೋಗ್ಯ ಎನ್ನುವ ಪುಟ. ಇಸ್ತ್ರಿ ಹಾಲಿನ ಗಾಳಿ ಬೇಸಿಗೆಯಲ್ಲೂ ಮಿತಿಯೊಳಗಿದೆ, ಹಾಗಾಗಿ ಫ್ಯಾನುಗಳ ಅಗತ್ಯವಿಲ್ಲ ಎಂದು ಬರೆದು, ಅದಕ್ಕೆ ಆಧಾರವಾಗಿ ಧೂಳಮ್ಮನ ಮಹಾಪ್ರಬಂಧವನ್ನು ಕೊಟ್ಟಿದ್ದರು. ಅವಳ ಹೆಸರು, ಮಾರ್ಗದರ್ಶಕರ ಹೆಸರು, ವಿಶ್ವವಿದ್ಯಾಲಯದ ಹೆಸರು, ಎಲ್ಲ ಕ್ರಮವಾಗಿತ್ತು.

ಮೇಷ್ಟ್ರು ಅದನ್ನು ಕೊನೆಯವರೆಗೆ ಓದಿದರು. ಆಮೇಲೆ ತಲೆ ಎತ್ತದೆ ಹೇಳಿದರು: "ನನಗೆ ನೆನಪಿತ್ತಮ್ಮ."

"ಗೊತ್ತು ಸರ್."

"ಡೀನ್‌ಗೆ ಈಗಲೇ ಬರೆದುಕೊಡ್ತೀನಿ. ಏನಾದರೂ ಆಗಲಿ."

"ಅದು ಆಮೇಲೆ ಸರ್. ಅವರು ಸಮಿತಿ ಮಾಡ್ತಾರೆ, ವರ್ಷ ಹಿಡಿಯುತ್ತೆ. ನಾನು ಬಂದದ್ದು ಬೇರೆ ಕೆಲಸಕ್ಕೆ. ಅಮ್ಮ ಇಷ್ಟು ದಿನ ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ನಿಲ್ತಿದ್ದರು. ಈಗ ಬಿಚ್ಚಿಬಿಟ್ಟಿದ್ದಾರೆ. ಗಾಳಿ ಚೆನ್ನಾಗಿದೆ ಅಂತ ನನ್ನ ಮಗಳೇ ಪುಸ್ತಕ ಬರೆದಿದ್ದಾಳೆ ಅಂತ ಎಲ್ಲರಿಗೂ ಹೇಳ್ತಾರೆ. ಅವರನ್ನ ನೋಡಿ ಉಳಿದವರೂ ಬಿಚ್ಚಿದ್ದಾರೆ. ನಾನು ಸುಳ್ಳು ಅಮ್ಮಾ ಅದು ಅಂದರೆ ನಂಬಲ್ಲ, ನನ್ನ ಮೇಲಿನ ಕಾಳಜಿಗೆ ಹೇಳ್ತಿದ್ದೀಯ ಅಂತಾರೆ. ನೀವೊಂದು ಮಾತು ಬಂದು ಹೇಳಿ ಸರ್. ನೀವು ಹೇಳಿದರೆ ಕೇಳ್ತಾರೆ."

ಮೇಷ್ಟ್ರು ಕೂಡಲೇ ಎದ್ದರು. ಸ್ಕೂಟರಿನ ಹಿಂದೆ ಅವಳನ್ನು ಕೂರಿಸಿಕೊಂಡು ಹೋದರು. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸಿಕೊಂಡರು, ಈ ಸಲ ಒಂದು ಪದವನ್ನೂ ನುಂಗಬಾರದು ಎಂದು ಗಟ್ಟಿ ಮಾಡಿಕೊಂಡರು.

ಲಾಂಡ್ರಿಯ ಹಿತ್ತಲಲ್ಲಿ ಒಗೆದ ಚಾದರಗಳ ಗಾಡಿಗಳು ಸಾಲಾಗಿ ನಿಂತಿದ್ದವು. ಊಟದ ಬಿಡುವು ಮುಗಿಯುವ ಹೊತ್ತು. ಹೆಂಗಸರು ನೆರಳಿನಲ್ಲಿ ಡಬ್ಬಿ ತೊಳೆಯುತ್ತಿದ್ದರು, ನಡುನಡುವೆ ಒಬ್ಬರಲ್ಲ ಒಬ್ಬರು ಕೆಮ್ಮುತ್ತಿದ್ದರು. ಧೂಳಮ್ಮನ ತಾಯಿ ಮೇಷ್ಟ್ರನ್ನು ಕಂಡು ಗಡಬಡಿಸಿ ಎದ್ದು, ತಾನು ಕೂತಿದ್ದ ಸ್ಟೂಲನ್ನು ಸೆರಗಿನಿಂದ ಒರೆಸಿ ಮುಂದಿಟ್ಟಳು. ಮೇಷ್ಟ್ರು ಕೂರಲಿಲ್ಲ.

"ಅಮ್ಮಾ, ನಿಮ್ಮ ಮಗಳು ಮೊದಲು ಹಾಕಿದ ಲೆಕ್ಕವೇ ಸರಿ. ಒಳಗಿನ ಗಾಳಿ ಕೆಟ್ಟದ್ದು, ಬಹಳ ಕೆಟ್ಟದ್ದು. ಅವಳ ಹತ್ತಿರ ಆಧಾರ ಇತ್ತು. ಅದನ್ನ ಹೊಡೆದುಹಾಕಿಸಿದ್ದು ನಾನು. ಕೇಳಿದಾಗ ನೆನಪಿಲ್ಲ ಅಂತ ಸುಳ್ಳು ಹೇಳಿದ್ದೂ ನಾನೇ. ಆ ಪುಸ್ತಕದಲ್ಲಿರೋದು ನಿಜ ಅಲ್ಲ. ದಯವಿಟ್ಟು ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಉಳಿದವರಿಗೂ ಹೇಳಿ."

ಆಕೆ ತಲೆ ಬಗ್ಗಿಸಿ ಪೂರ್ತಿ ಕೇಳಿಸಿಕೊಂಡಳು. ಮಗಳ ಕಡೆ ತಿರುಗಿ, ಪಾಪ ಸರ್ ಅವರನ್ನ ಬಿಸಿಲಲ್ಲಿ ಇಲ್ಲಿತನಕ ಯಾಕೆ ಕರಕೊಂಡು ಬಂದೆ ಎನ್ನುವಂತೆ ನೋಡಿದಳು.

"ಇವಳು ಅತ್ತೂ ಕರೆದೂ ನಿಮ್ಮ ಬಾಯಲ್ಲಿ ಹೀಗೆ ಹೇಳಿಸ್ತಿದ್ದಾಳೆ, ನಂಗೆ ಗೊತ್ತು ಸರ್. ಸಣ್ಣವಳಿದ್ದಾಗಿಂದ ಹಂಗೇ, ನನ್ನ ಕೆಮ್ಮು ಅಂದ್ರೆ ಅವಳಿಗೆ ಹೆದರಿಕೆ. ಇದು ನನ್ನ ಮೈಯಲ್ಲೇ ಇರೋ ಕೆಮ್ಮು, ನಮ್ಮಮ್ಮನಿಗೂ ಇತ್ತು."

"ಇಲ್ಲಮ್ಮ, ನಾನು ನಿಜ ಹೇಳ್ತಿದ್ದೀನಿ."

"ಆ ಪುಸ್ತಕ ನಮ್ಮ ಮನೇಲಿದೆ ಸರ್. ಮೊದಲನೇ ಹಾಳೇಲಿ ನಿಮ್ಮ ಸಹಿ ಇದೆ, ದಿನಾ ನೋಡ್ತೀನಿ. ಅದರಲ್ಲಿರೋದು ಸುಳ್ಳಾಗಿದ್ದರೆ ನೀವು ಸಹಿ ಹಾಕ್ತಿದ್ದಿರಾ?"

ಒಳಗೆ ಬಿಡುವು ಮುಗಿದ ಗಂಟೆ ಹೊಡೆಯಿತು.

"ನೀರಾದರೂ ಕುಡಿದು ಹೋಗಿ ಸರ್" ಎಂದು ಹೇಳಿ, ಆಕೆ ಉಳಿದ ಹೆಂಗಸರ ಜೊತೆ ಹಬೆ ತುಂಬಿದ ಹಾಲಿನೊಳಗೆ ನಡೆದಳು. ಯಾರ ಮೂಗಿಗೂ ಬಟ್ಟೆ ಇರಲಿಲ್ಲ.